ರೊಟ್ಟಿ ಬಡಿಯುತ್ತ ಕನ್ನಡ ಕಲಿಯಲಿ ಮಕ್ಕಳು

ಸೊಲ್ಲಾಪುರ: ಅಜ್ಜಿಗೆ ಅದು ಅಗಸಿ, ಮೊಮ್ಮಗನಿಗೆ ಜವಸ. ಅಜ್ಜಿ ಗುರೆಳ್ಳು ಅಂದರೆ ಮೊಮ್ಮಗಳಿಗೆ ಅದು ಕಾರಳೆ ಎಂದು ಬಿಡಿಸಿ ಹೇಳಬೇಕು. ತಾಟಿನೊಳಗಿನ ಚಟ್ನಿ ಒಂದೇ, ಹೆಸರು ಮಾತ್ರ ಬೇರೆಯಾಗಿಬಿಟ್ಟಿದೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕರ್ನಾಟಕದ ಹೊರಗೆ ಉಳಿದ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಆದರೆ ಹೊಸ್ತಿಲು ದಾಟಿದರೆ ಸಂತೆ, ಎಸ್.ಟಿ. ಸ್ಟ್ಯಾಂಡು, ಕಚೇರಿ ಎಲ್ಲ ಮರಾಠಿ. ಬಹಳಷ್ಟು ಮಕ್ಕಳ ಶಾಲೆ ಮರಾಠಿ ಇಲ್ಲವೆ ಇಂಗ್ಲಿಷ್. ಮರಾಠಿ ಕಲಿಯುವುದು ತಪ್ಪಲ್ಲ, ಇಲ್ಲಿ ಅನ್ನ ಕೊಡುವ ಭಾಷೆ ಅದು. ಆದರೆ ಮನೆಮಾತು ಕೈಬಿಟ್ಟರೆ ಅಜ್ಜಿ-ಮೊಮ್ಮಕ್ಕಳ ನಡುವೆ ಅವ್ವ ದುಭಾಷಿ ಆಗಬೇಕಾದೀತು.

ಇದಕ್ಕೆ ಟ್ಯೂಷನ್ ಬೇಡ, ಫೀ ಬೇಡ. ಅಡುಗೆಮನೆ ಸಾಕು.

ಕೆಲಸದ ಮಾತು ಮೊದಲು

ಬದನಿಕಾಯಿ, ಉಳ್ಳಾಗಡ್ಡಿ ಎಂದು ಬಾಯಿಪಾಠ ಮಾಡಿಸಿದರೆ ಎರಡು ದಿನಕ್ಕೆ ಮರೆತುಹೋಗುತ್ತದೆ. ಕೈ ಮಾಡುವ ಕೆಲಸದ ಜೊತೆ ಬಂದ ಮಾತು ಉಳಿಯುತ್ತದೆ. ಒರಳಿನಲ್ಲಿ ಕುಟ್ಟುವುದು, ಕಲ್ಲಿನ ಮೇಲೆ ಅರೆಯುವುದು, ಬೀಸುಕಲ್ಲಿನಲ್ಲಿ ಬೀಸುವುದು ಮೂರೂ ಬೇರೆ ಬೇರೆ. ಮರಾಠಿಯಲ್ಲೂ ಕುಟಣೆ, ವಾಟಣೆ, ದಳಣೆ ಎಂದು ಮೂರು ಮಾತುಗಳಿವೆ. ಮಿಕ್ಸರ್ ಬಂದ ಮೇಲೆ ಎರಡೂ ಭಾಷೆಯಲ್ಲಿ 'ಮಿಕ್ಸರ್‌ಗೆ ಹಾಕು' ಒಂದೇ ಉಳಿಯಿತು. ವಾರಕ್ಕೊಮ್ಮೆ ಶೇಂಗಾ ಚಟ್ನಿಯನ್ನು ಮಕ್ಕಳ ಕೈಲೇ ಕುಟ್ಟಿಸಿ ನೋಡಿ. ಶೇಂಗಾ ಸುಲಿ, ಹುರಿದದ್ದರ ಸಿಪ್ಪೆ ತಿಕ್ಕಿ ತೆಗಿ, ಕೇರು, ಬಳ್ಳೊಳ್ಳಿ ಹಾಕು, ಎಣ್ಣೆ ಬಿಡುವ ತನಕ ಕುಟ್ಟು. ಒಂದು ಚಟ್ನಿಯಲ್ಲಿ ಎಷ್ಟು ಕನ್ನಡ ಬಂತು ಎಣಿಸಿ!

ರೊಟ್ಟಿಯ ಪಾಠ

ಜೋಳದ ರೊಟ್ಟಿಯಂಥ ಪಾಠ ಇನ್ನೊಂದಿಲ್ಲ. ಎಸರು ಕುದಿಯಲಿ, ಹಿಟ್ಟು ಕಲಸು, ನಾದು, ಉಂಡಿ ಮಾಡು, ಬಡಿ, ಹಂಚಿಗೆ ಹಾಕು, ನೀರು ಸವರು, ತಿರುವಿ ಹಾಕು. ಬಿಸಿನೀರು ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಗೋದಿಯ ಜಿಗುಟು ಜೋಳಕ್ಕಿಲ್ಲ, ಕುದಿನೀರು ಬಿದ್ದ ಮೇಲೇ ಹಿಟ್ಟಿಗೆ ಜಿಗಿ ಬರುತ್ತದೆ ಎಂದು ಕನ್ನಡದಲ್ಲೇ ಹೇಳಿ. ಎಸರು, ಹಂಚಿನ ಕೆಲಸ ಮಾತ್ರ ದೊಡ್ಡವರೇ ಮಾಡಬೇಕು.

ಮಗು 'ತವ್ಯಾವರ್ ಟಾಕ್' ಅಂದರೆ ಬೈಯಬೇಡಿ. 'ಹೌದು, ಹಂಚಿಗೆ ಹಾಕು' ಅನ್ನಿ. ತಿದ್ದಿದರೆ ಮಗು ಬಾಯಿ ಮುಚ್ಚುತ್ತದೆ, ಮತ್ತೊಮ್ಮೆ ಕೇಳಿಸಿದರೆ ತಾನೇ ಹಿಡಿಯುತ್ತದೆ.

ಎರಡು ಭಾಷೆಯ ನಂಟು

ಎರಡೂ ಭಾಷೆಯ ಹೆಸರನ್ನು ಜೋಡಿಸಿ ಹೇಳಿದರೆ ಮಕ್ಕಳಿಗೆ ಆಟವಾಗುತ್ತದೆ. ನಮ್ಮ ತುಪ್ಪ ಅವರ ತೂಪ, ನಮ್ಮ ಅಂಬಲಿ ಅವರ ಅಂಬೀಲ. ಹೋಳಿಗೆ ದಿನ ಬೇಳೆ ಬಸಿದ ಕಟ್ಟಿನಿಂದ ನಾವು ಕಟ್ಟಿನ ಸಾರು ಮಾಡಿದರೆ, ಅವರದು ಕಟಾಚಿ ಆಮಟಿ. ನಮ್ಮ ಎಳ್ಳ ಅಮವಾಸಿಯೇ ಈ ಭಾಗದ ಮರಾಠಿ ಮನೆಗಳ 'ವೇಳ ಅಮವಾಸ್ಯಾ'. ಇಷ್ಟು ತಿಳಿದ ಮಗುವಿಗೆ ಕನ್ನಡ ಮಾತಾಡಲು ನಾಚಿಕೆ ಬರುವುದಿಲ್ಲ, ಮರಾಠಿ ಮೇಲೆ ಸಿಟ್ಟೂ ಬರುವುದಿಲ್ಲ.

ಅಕ್ಷರಕ್ಕೂ ಇಲ್ಲೇ ದಾರಿಯಿದೆ. ತೊಗರಿ, ಹೆಸರು, ಮಡಕಿ, ಪುಟಾಣಿ ಡಬ್ಬಿಗಳ ಮೇಲೆ ಮಕ್ಕಳ ಕೈಲೇ ಕನ್ನಡದಲ್ಲಿ ಬರೆಸಿ ಚೀಟಿ ಅಂಟಿಸಿ. ಎಳ್ಳ ಅಮವಾಸಿಗೆ ಹೊಲಕ್ಕೆ ಬುತ್ತಿ ಕಟ್ಟುವಾಗ ಡಬ್ಬಿ ತೆಗೆದುಕೊಡುವ ಕೆಲಸ ಅವರಿಗೇ ಇರಲಿ. 'ಅವ್ವಾ, ಗುರೆಳ್ಳ ಹಿಂಡಿ ಹಾಕೀದಿ?' ಎಂದು ಮಗು ತಾನಾಗಿ ಕೇಳಿದರೆ ಪಾಠ ಹತ್ತಿದೆ ಎಂದೇ ಅರ್ಥ.