ಬೆಂಕಿಗೆ ಹಿಡಿದು ಬಾಗಿಸಿದ ಬಿಲ್ಲು

'ಎರ್ತುಗ್ರುಲ್' ಸೀರಿಯಲ್ ಬಂದ ಮೇಲೆ ನಮ್ಮ ಮನೆಯ ಮಕ್ಕಳಿಗೆ ಬಿಲ್ಲು ಬಾಣದ ಹುಚ್ಚು ಸ್ವಲ್ಪ ಹೆಚ್ಚೇ ಆಗಿದೆ. ಬಿದಿರಿನ ಕೋಲು ಸೀಳಿ, ನೈಲಾನ್ ಹಗ್ಗ ಕಟ್ಟಿ ಎಳೆದರೆ ಬಾಣ ಅಂಗಳ ದಾಟುವುದಿಲ್ಲ. ಎರಡು ದಿನದಲ್ಲಿ ಕೋಲು ಬಾಗಿದ ಹಾಗೆಯೇ ಉಳಿಯುತ್ತದೆ. ಹಾಗಾದರೆ ಉಸ್ಮಾನಿಯಾ ಕಾಲದ ಬಿಲ್ಲು ಅಷ್ಟು ದೂರ ಹೊಡೆಯುತ್ತಿದ್ದುದು ಹೇಗೆ?

ಇಂದಿನ ಒಲಿಂಪಿಕ್ಸ್‌ನಲ್ಲಿ ಗುರಿ ಇರುವುದು 70 ಮೀಟರ್ ದೂರದಲ್ಲಿ. ಇಸ್ತಾಂಬುಲ್‌ನ ಓಕ್‌ಮೈದಾನಿನಲ್ಲಿ, ಅಂದರೆ 'ಬಾಣದ ಮೈದಾನ'ದಲ್ಲಿ, ದೂರ ಹೊಡೆಯುವುದೇ ಒಂದು ಸ್ಪರ್ಧೆಯಾಗಿತ್ತು. ದಾಖಲೆ ಮುರಿದವರ ಬಾಣ ಬಿದ್ದ ಜಾಗದಲ್ಲಿ ಕಲ್ಲು ನೆಡುತ್ತಿದ್ದರು. ತೋಝ್‌ಕೊಪರಾನ್ ಇಸ್ಕಂದರ್ ಎಂಬವರ ಬಾಣ 800 ಮೀಟರ್ ದಾಟಿತ್ತು ಎಂದು ಹಳೆಯ ದಾಖಲೆಗಳು ಹೇಳುತ್ತವೆ.

ಇದರ ಗುಟ್ಟು ತೋಳಿನ ಬಲದಲ್ಲಿ ಮಾತ್ರ ಇರಲಿಲ್ಲ, ಬಿಲ್ಲಿನ ಆಕಾರದಲ್ಲೂ ಇತ್ತು. ಹೆದೆ ಬಿಚ್ಚಿದರೆ ಈ ಬಿಲ್ಲು ನೇರ ನಿಲ್ಲುವುದಿಲ್ಲ, ಉಲ್ಟಾ ದಿಕ್ಕಿಗೆ ಸುರುಳಿಯಾಗುತ್ತದೆ. ಅದನ್ನು ಬಲವಂತವಾಗಿ ಹಿಂದಕ್ಕೆ ಬಾಗಿಸಿ ಹೆದೆ ಏರಿಸಬೇಕು. ಆದ್ದರಿಂದ ಎಳೆಯಲು ಶುರು ಮಾಡುವ ಮೊದಲೇ ಅದರೊಳಗೆ ಬಿಗಿ ತುಂಬಿರುತ್ತದೆ. ತುದಿಗಳು ಹಗುರವಾಗಿರುವುದರಿಂದ, ಕೈ ಬಿಟ್ಟ ಕೂಡಲೇ ತೋಳುಗಳು ವೇಗವಾಗಿ ಮರಳಿ ಬಾಣವನ್ನು ತಳ್ಳುತ್ತವೆ.

ಈ ಬಾಗು ಮರಕ್ಕೆ ಬರುವುದು ಬಿಸಿಯಿಂದ. ನಮ್ಮಲ್ಲಿ ಬೆತ್ತದ ಕುರ್ಚಿ ಮಾಡುವವರು ಬೆಂಕಿ ತೋರಿಸಿ ಬೆತ್ತ ಬಾಗಿಸುವುದನ್ನು ಹಿರಿಯರು ನೋಡಿರ್ತಾರೆ. ಮರದ ನಾರುಗಳನ್ನು ಹಿಡಿದಿಟ್ಟ ಅಂಶ ಬಿಸಿಗೆ ಮೆತ್ತಗಾಗುತ್ತದೆ, ತಣಿದಾಗ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತದೆ. ತುರ್ಕಿಯ ಉಸ್ತಾದರು ಮೇಪಲ್ ಮರದ ತುಂಡುಗಳನ್ನು ನೀರಲ್ಲಿ ನೆನೆಸಿ, ಬಿಸಿ ಮಾಡಿ, ಅಚ್ಚಿಗೆ ಕಟ್ಟಿ ಒಣಗಿಸುತ್ತಿದ್ದರು. ಮೇಪಲ್ ಅಂಟನ್ನು ಚೆನ್ನಾಗಿ ಹಿಡಿಯುತ್ತದೆ. ಬಿಲ್ಲುಗಾರನ ಕಡೆಗಿರುವ ಮೈಗೆ ಕೋಣದ ಕೊಂಬಿನ ಪಟ್ಟಿ, ಹೊರ ಮೈಗೆ ಪ್ರಾಣಿಗಳ ನರದ ನಾರು ಅಂಟಿಸುತ್ತಿದ್ದರು. ಎಳೆದಾಗ ಒಳಗಿನ ಮೈ ಒತ್ತಿಕೊಳ್ಳುತ್ತದೆ, ಹೊರ ಮೈ ಹಿಗ್ಗುತ್ತದೆ. ಒತ್ತಡ ತಾಳುವುದು ಕೊಂಬು, ಎಳೆತ ತಾಳುವುದು ನರ.

ಆಮೇಲೆ ಇರುವುದು ಸಬ್ರ್‌ನ ಕೆಲಸ. ಅಂಟು ಪೂರ್ತಿ ಒಣಗಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೇ ಬೇಕು. ಮೊದಲ ಸಲ ಹೆದೆ ಏರಿಸುವಾಗಲೂ ಬಿಲ್ಲನ್ನು ಹದವಾಗಿ ಬಿಸಿ ಮಾಡಿ, ಸ್ವಲ್ಪ ಸ್ವಲ್ಪವೇ ಬಾಗಿಸಬೇಕು. ಒಂದು ತೋಳು ಬಿಗಿ, ಇನ್ನೊಂದು ಸಡಿಲ ಎಂದಾದರೆ ಮತ್ತೆ ಬಿಸಿ ತೋರಿಸಿ, ಕೆರೆದು ಸರಿ ಮಾಡಬೇಕು. ಬಿಸಿ ಹೆಚ್ಚಾದರೆ ಅಂಟು ಬಿಡುತ್ತದೆ. ತೇವ ಹಿಡಿದರೂ ಬಿಲ್ಲು ಸೋಲುತ್ತದೆ. ನಮ್ಮ ಕರಾವಳಿಯ ಆಟಿ ತಿಂಗಳ ಮಳೆಗೆ ಇದನ್ನು ಹೊರಗಿಟ್ಟರೆ ಕೆಲಸ ಕೆಟ್ಟಿತೆಂದೇ ಲೆಕ್ಕ!

ಬರೀ ಮರದ ಬಿಲ್ಲು ಮಾಡುವವರಿಗೂ ಬಿಸಿ ಬೇಕು. ಅವರು ಒಳ ಮೈಯನ್ನು ಕೆಂಡದ ಮೇಲೆ ನಿಧಾನವಾಗಿ ಕಂದು ಬಣ್ಣ ಬರುವವರೆಗೆ ಕಾಯಿಸುತ್ತಾರೆ. ತೇವ ಹೋಗಿ ಆ ಮೈ ಗಡುಸಾಗುತ್ತದೆ, ಒತ್ತಡ ತಾಳುತ್ತದೆ. ಆದರೆ ಕಾಯಿಸಿದ ಕೂಡಲೇ ಎಳೆಯಬಾರದು. ಗಾಳಿಯ ತೇವ ಮರಕ್ಕೆ ವಾಪಸ್ ಬರಲು ಕೆಲವು ದಿನ ಬಿಡಬೇಕು, ಇಲ್ಲದಿದ್ದರೆ ಬಿಲ್ಲು ಚಟ್ಟಂತ ಮುರಿಯುತ್ತದೆ. ದಫ್ ಬಾರಿಸುವ ಮುಂಚೆ ಚರ್ಮಕ್ಕೆ ಎಷ್ಟು ಬಿಸಿ ತೋರಿಸಬೇಕೆಂದು ದಫ್ ತಂಡದವರಿಗೆ ಕೈಯೇ ಹೇಳುತ್ತದಲ್ವಾ, ಇದೂ ಹಾಗೆಯೇ.

ಕೈಗೆ ಮಾತ್ರ ಗೊತ್ತಿರುವ ವಿದ್ಯೆಗೆ ಒಂದು ಅಪಾಯವಿದೆ. ಕೋವಿ ಬಂದ ಮೇಲೆ ಯುದ್ಧಕ್ಕೆ ಬಿಲ್ಲು ಬೇಡವಾಯಿತು. ಉಸ್ತಾದರು ಒಬ್ಬೊಬ್ಬರಾಗಿ ತೀರಿಹೋದರು. ಸ್ವತಃ ಬಿಲ್ಲುಗಾರನಾಗಿದ್ದ ಸುಲ್ತಾನ್ ಎರಡನೇ ಮಹ್ಮೂದ್ (ಆಳ್ವಿಕೆ 1808-1839) ಮುಸ್ತಫಾ ಕಾನಿ ಎಂಬವರಿಂದ ಈ ವಿದ್ಯೆಯ ಬಗ್ಗೆ ಪುಸ್ತಕ ಬರೆಸಿದ್ದರು. ಬಿಲ್ಲು ಮಾಡುವ ಕ್ರಮ ಅದರಲ್ಲಿ ಉಳಿಯಿತು. ಅದರ ಆಧಾರದಲ್ಲೇ ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ 1934ರಲ್ಲಿ ಇಂಗ್ಲಿಷ್ ಪುಸ್ತಕ ತಂದರು. ಇತ್ತ ಇಸ್ತಾಂಬುಲ್‌ನಲ್ಲಿ ಇಮಾಮರೂ ಹೆಸರಾಂತ ಅಕ್ಷರ ಕಲಾವಿದರೂ ಆಗಿದ್ದ ನಜ್ಮುದ್ದೀನ್ ಓಕ್ಯಾಯ್ (1883-1976) ಬಿಲ್ಲನ್ನು ಕೈಬಿಡಲಿಲ್ಲ. ಎಲ್ಲರೂ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂಬ ಕಾನೂನು 1934ರಲ್ಲಿ ಬಂದಾಗ ಅವರು ಆರಿಸಿದ ಹೆಸರೇ 'ಓಕ್ಯಾಯ್'. ತುರ್ಕಿಯಲ್ಲಿ 'ಓಕ್' ಎಂದರೆ ಬಾಣ, 'ಯಾಯ್' ಎಂದರೆ ಬಿಲ್ಲು. 2019ರಲ್ಲಿ ತುರ್ಕಿಯ ಸಾಂಪ್ರದಾಯಿಕ ಬಿಲ್ವಿದ್ಯೆ ಯುನೆಸ್ಕೋ ಪರಂಪರೆ ಪಟ್ಟಿಗೂ ಸೇರಿತು.

ನಮ್ಮ ಮನೆಗಳಲ್ಲೂ ಮರದ ಜಾತಿ, ಹದ ನೋಡಿಯೇ ಹೇಳಬಲ್ಲ ಹಿರಿಯರಿದ್ದಾರೆ. ದೋಣಿ, ಬಲೆ, ದಫ್‌ನ ಕೆಲಸ ಬಲ್ಲವರಿದ್ದಾರೆ. ಅದನ್ನೆಲ್ಲ ಯಾವ ಸುಲ್ತಾನನೂ ಬರೆಸುವುದಿಲ್ಲ. ರಜೆಗೆ ಮಕ್ಕಳು ಮನೆಯಲ್ಲಿರುವಾಗ ಮೊಬೈಲ್ ಅವರ ಕೈಯಲ್ಲೇ ಇರಲಿ. ಆದರೆ ಅಜ್ಜನ ಎದುರು ಕೂತು ಅವರ ಕೆಲಸವನ್ನು ಹಂತ ಹಂತವಾಗಿ ಅದರಲ್ಲೇ ರೆಕಾರ್ಡ್ ಮಾಡಲಿ.