ತೆರೆಯ ಮೇಲೆ ತಜ್ಞರ ಪಾಠ

ಎಂ.ಬಿ.ಬಿ.ಎಸ್. ಮುಗಿಯಿತೆಂದರೆ ಮಗನ ಅಥವಾ ಮಗಳ ಓದು ಮುಗಿಯಿತೆಂದು ನಿಟ್ಟುಸಿರು ಬಿಡುವ ತಂದೆತಾಯಿಯರಿದ್ದಾರೆ. ತಜ್ಞವೈದ್ಯರಾಗಬೇಕೆನ್ನುವವರಿಗೆ ನಿಜವಾದ ಓದು ಶುರುವಾಗುವುದೇ ಅಲ್ಲಿಂದ. ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್ ಆದಮೇಲೆ ನೀಟ್-ಪಿಜಿ ಬರೆದು ಎಂ.ಡಿ. ಇಲ್ಲವೆ ಎಂ.ಎಸ್.ಗೆ ಸೇರಿದರೆ ಮತ್ತೆ ಮೂರು ವರ್ಷ. ಆಗ ವಿದ್ಯಾರ್ಥಿ ಅರ್ಧ ಶಿಷ್ಯ, ಅರ್ಧ ನೌಕರ. ಹಗಲು ಹೊರರೋಗಿ ವಿಭಾಗ ಮತ್ತು ವಾರ್ಡು, ಸರದಿ ಬಂದಾಗ ರಾತ್ರಿ ಡ್ಯೂಟಿ, ಇವುಗಳ ನಡುವೆಯೇ ಸೆಮಿನಾರು, ಜರ್ನಲ್ ಕ್ಲಬ್, ಪ್ರಬಂಧ.

ಸೆಮಿನಾರು ಎಂದರೆ ಹಿಂದೆ ವಿಭಾಗದ ಒಂದು ಕೋಣೆ, ನಾಲ್ಕಾರು ಪ್ರಾಧ್ಯಾಪಕರು, ಬೆರಳೆಣಿಕೆಯ ವಿದ್ಯಾರ್ಥಿಗಳು. ಆ ಕೋಣೆಯಲ್ಲಿದ್ದವರ ಅನುಭವವೇ ವಿದ್ಯೆಯ ಎಲ್ಲೆ. ಅಪರೂಪದ ಚರ್ಮರೋಗವೊಂದನ್ನು ಒಮ್ಮೆಯೂ ನೋಡದೆ ಪದವಿ ಪಡೆಯುವುದು ಸಣ್ಣ ಕಾಲೇಜಿನಲ್ಲಿ ಅಸಾಧ್ಯವೇನಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಬಂದು ಕೋಣೆಗಳ ಬಾಗಿಲು ಮುಚ್ಚಿದಾಗ ಪಾಠ ಫೋನಿನ ತೆರೆಗೆ ಬಂತು. ಬೇರೆ ಊರಿನ ಹಿರಿಯ ತಜ್ಞರ ಮಾತು ಹಾಸ್ಟೆಲ್ಲಿನ ಮಂಚದ ಮೇಲೆಯೇ ಕೇಳಿಸತೊಡಗಿತು.

ಆದರೆ ಈ ವಿಧಾನ ಕೋವಿಡ್ಡಿನ ಕೂಸಲ್ಲ. ಪುಣೆಯ ಸಶಸ್ತ್ರಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಂಜೀವ್ ಅರೋರಾ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಯಕೃತ್ತಿನ ತಜ್ಞರು. ಅವರನ್ನು ಕಾಣಲು ಹೆಪಟೈಟಿಸ್-ಸಿ ರೋಗಿಗಳು ತಿಂಗಳುಗಟ್ಟಲೆ ಕಾಯಬೇಕಿತ್ತು. 2003ರಲ್ಲಿ ಅವರು ಆರಂಭಿಸಿದ 'ಪ್ರಾಜೆಕ್ಟ್ ಎಕೋ'ದಲ್ಲಿ ಹಳ್ಳಿಗಳ ಹಾಗೂ ಜೈಲುಗಳ ವೈದ್ಯರು ವಾರವಾರವೂ ವಿಡಿಯೊ ಮೂಲಕ ಸೇರಿ, ತಮ್ಮದೇ ರೋಗಿಯ ವಿವರವನ್ನು ತಜ್ಞರ ಮುಂದಿಟ್ಟು ಚರ್ಚಿಸುತ್ತಿದ್ದರು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 407 ರೋಗಿಗಳಿದ್ದರು. ಗುಣವಾದವರು ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶೇ 57.5; ಹಳ್ಳಿ, ಜೈಲುಗಳಲ್ಲಿ ಶೇ 58.2! ಆ ವೈದ್ಯರು ಪಿ.ಜಿ. ವಿದ್ಯಾರ್ಥಿಗಳಾಗಿರಲಿಲ್ಲ ನಿಜ. ಆದರೂ ಕಲಿಕೆಯ ಗುಟ್ಟು ಇಲ್ಲಿದೆ. ಅಲ್ಲಿ ಬರಿಯ ಭಾಷಣವಿರಲಿಲ್ಲ, ಎದುರಿಗೆ ರೋಗಿಯ ನಿಜವಾದ ಸಮಸ್ಯೆ ಇತ್ತು, ಉತ್ತರ ಹೇಳುವ ಹೊಣೆ ಇತ್ತು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಮಾನಸಿಕ ಆರೋಗ್ಯದ ತರಬೇತಿಗೆ ಇದೇ ಮಾದರಿಯನ್ನು ಅಳವಡಿಸಿಕೊಂಡಿತು.

ಎಕ್ಸರೆ, ಸ್ಕ್ಯಾನ್, ಚರ್ಮದ ಚಿತ್ರ, ಸೂಕ್ಷ್ಮದರ್ಶಕದ ಸ್ಲೈಡು ಇವೆಲ್ಲ ತೆರೆಗೆ ಒಗ್ಗುವ ವಸ್ತುಗಳು. ಹೊಟ್ಟೆ ಒತ್ತಿ ಗಡ್ಡೆ ಪತ್ತೆಮಾಡುವುದು, ಹೊಲಿಗೆ ಹಾಕುವುದು, ಕೆಟ್ಟ ಸುದ್ದಿಯನ್ನು ರೋಗಿಯ ಮನೆಯವರಿಗೆ ತಿಳಿಸುವುದು ತೆರೆಯಿಂದ ಬರುವಂಥವಲ್ಲ. ಶಸ್ತ್ರಚಿಕಿತ್ಸೆಯ ವಿಡಿಯೊ ನೂರು ಸಲ ನೋಡಿದವನ ಕೈಯೂ ಮೊದಲ ಸಲ ಕತ್ತರಿ ಹಿಡಿದಾಗ ನಡುಗುತ್ತದೆ.

ಇನ್ನೊಂದು ಪೀಡೆ ಹಾಜರಿಯದು. ಹೆಸರು ನಮೂದಿಸಿ, ಕ್ಯಾಮೆರಾ ಆರಿಸಿ, ರಾತ್ರಿ ಡ್ಯೂಟಿಯ ನಿದ್ದೆ ತೀರಿಸಿಕೊಳ್ಳುವ ವಿದ್ಯಾರ್ಥಿಯನ್ನು ಬೈದು ಪ್ರಯೋಜನವಿಲ್ಲ. ಪಾಠದ ಹೊತ್ತನ್ನು ವಿಶ್ರಾಂತಿಯ ಹೊತ್ತಿನಿಂದಲೇ ಕಿತ್ತುಕೊಂಡರೆ ಮತ್ತೇನಾದೀತು? ನಡುವೆ ನಿಲ್ಲಿಸಿ ಹೆಸರು ಹಿಡಿದು ಪ್ರಶ್ನೆ ಕೇಳುವ ಗುರುಗಳ ತರಗತಿಯಲ್ಲಿ ಈ ನಿದ್ದೆ ಕಡಿಮೆ. ಔಷಧ ಕಂಪನಿಗಳ ಪ್ರಾಯೋಜಕತ್ವದ ಸೆಮಿನಾರುಗಳೂ ಇವೆ. ಅಲ್ಲಿ ಹೊಗಳಿಸಿಕೊಳ್ಳುವ ಮಾತ್ರೆ ಯಾರದೆಂಬುದನ್ನು ಗಮನಿಸಬೇಕು. ರೋಗಿಯ ಮುಖ, ಹೆಸರು ತೆರೆಯ ಮೇಲೆ ಬಾರದಂತೆ ಎಚ್ಚರ ವಹಿಸುವುದೂ ಪಾಠದ ಭಾಗವೇ.

ಈಗ ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಂಥ ಕಡೆ ಕೆಲಸ ಮಾಡಬೇಕೆಂಬ ನಿಯಮವಿದೆ. ಕಾಲೇಜಿನಿಂದ ದೂರವಿರುವ ಆ ಅವಧಿಯಲ್ಲಿ ಗುರುಗಳ ನಂಟು ಉಳಿಸುವುದಕ್ಕೆ ಆನ್‌ಲೈನ್ ಸೆಮಿನಾರು ಬಹಳ ಉಪಯುಕ್ತ. ಸೀಟು ಆರಿಸಿಕೊಳ್ಳುವ ಮುನ್ನ ಕಟ್ಟಡ, ಶುಲ್ಕಗಳ ಜೊತೆಗೆ ಇದನ್ನೂ ವಿಚಾರಿಸಬಹುದು: ಸೆಮಿನಾರಿನ ಆ ಒಂದು ಗಂಟೆ ಡ್ಯೂಟಿ ಪಟ್ಟಿಯಲ್ಲಿ ಸೇರಿದೆಯೇ, ಆ ಹೊತ್ತಿನಲ್ಲಿ ವಾರ್ಡು ನೋಡಿಕೊಳ್ಳುವವರು ಯಾರು? ಉತ್ತರವನ್ನು ಕಚೇರಿಯಲ್ಲಿ ಕೇಳುವುದಕ್ಕಿಂತ ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಕೇಳುವುದು ಲೇಸು.