‘ಹೂ’, ‘ವಿಚ್’, ‘ದಟ್’

‘ನಿನ್ನೆ ಬಂದ ಹುಡುಗ’ ಎನ್ನಲು ಕನ್ನಡಕ್ಕೆ ಮೂರು ಪದ ಸಾಕು. ‘ಬಂದ’ ಎಂಬ ಕೃದಂತವನ್ನು ನಾಮಪದಕ್ಕಿಂತ ಮೊದಲು ಇಟ್ಟರೆ ಕೆಲಸ ಮುಗಿಯಿತು. ಇಂಗ್ಲಿಷಿನ ದಾರಿ ಬೇರೆ. ಅಲ್ಲಿ ಮೊದಲು ಹುಡುಗ, ಆಮೇಲೆ ಅವನ ವಿವರ, ನಡುವೆ ಒಂದು ಕೊಂಡಿ: ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’. ಆ ‘ಹೂ’ ಸಂಬಂಧಾರ್ಥಕ ಸರ್ವನಾಮ. ಅದರಿಂದ ಶುರುವಾಗುವ ಉಪವಾಕ್ಯ ರಿಲೇಟಿವ್ ಕ್ಲಾಝ್.

ಮನುಷ್ಯರಿಗೆ ‘ಹೂ’, ಉಳಿದವಕ್ಕೆ ‘ವಿಚ್’, ಎರಡಕ್ಕೂ ನಡೆಯುವುದು ‘ದಟ್’, ಒಡೆತನಕ್ಕೆ ‘ಹೂಸ್’. ಇಷ್ಟನ್ನು ಶಾಲೆಯಲ್ಲೇ ಕಲಿತಿರುತ್ತೇವೆ. ನಾವು ಎಡವುವುದು ಬೇರೆ ಕಡೆ.

‘ಅವಳು ಬರೆದ ಪತ್ರ’, ‘ಅವಳು ಬರೆದ ಪೆನ್ನು’, ‘ಅವಳು ಪರೀಕ್ಷೆ ಬರೆದ ಕೋಣೆ’. ಮೂರರಲ್ಲೂ ‘ಬರೆದ’ ಒಂದೇ. ಪತ್ರವನ್ನು ಬರೆದಳು, ಪೆನ್ನಿನಿಂದ ಬರೆದಳು, ಕೋಣೆಯಲ್ಲಿ ಬರೆದಳು ಎಂಬ ವಿಭಕ್ತಿಗಳನ್ನು ಕನ್ನಡ ಇಲ್ಲಿ ಕೈಬಿಡುತ್ತದೆ. ಪೆನ್ನನ್ನು ಯಾರೂ ಬರೆಯುವುದಿಲ್ಲವೆಂದು ಕೇಳುವವರಿಗೆ ಗೊತ್ತೇ ಇದೆಯಲ್ಲ! ಇಂಗ್ಲಿಷ್ ಹಾಗೆ ಬಿಟ್ಟುಕೊಡುವುದಿಲ್ಲ. ‘ದ ಲೆಟರ್ ದಟ್ ಶೀ ರೋಟ್’ ಸರಿ. ಪೆನ್ನಿಗೆ ಮಾತ್ರ ‘ದ ಪೆನ್ ದಟ್ ಶೀ ರೋಟ್ ವಿತ್’ ಎನ್ನಲೇಬೇಕು. ನಮ್ಮವರು ಈ ‘ವಿತ್’ ಅನ್ನು ಮರೆಯುವುದಕ್ಕೆ ಕಾರಣ ಕನ್ನಡದ ಈ ಅಭ್ಯಾಸವೇ. ‘ವಿತ್’ ವಾಕ್ಯದ ಕೊನೆಗೆ ಬರಬಾರದೆಂದು ಕೆಲವರು ಗದರುವುದುಂಟು. ಆ ಆಕ್ಷೇಪ 1672ರಲ್ಲಿ ಕವಿ ಡ್ರೈಡನ್ ಎತ್ತಿದ್ದು, ಅದಕ್ಕೆ ಹೆದರಬೇಕಾಗಿಲ್ಲ.

ಇನ್ನೊಂದು ತಪ್ಪು ‘ದ ಬುಕ್ ದಟ್ ಐ ಬಾಟ್ ಇಟ್’ ಎಂಬುದು. ಪುಸ್ತಕದ ಜಾಗದಲ್ಲಿ ‘ದಟ್’ ಆಗಲೇ ಕೂತಿದೆ, ‘ಇಟ್’ಗೆ ಅಲ್ಲಿ ಜಾಗವಿಲ್ಲ. ಬೇಕಿದ್ದರೆ ‘ದಟ್’ ಅನ್ನೂ ಬಿಟ್ಟು ‘ದ ಬುಕ್ ಐ ಬಾಟ್’ ಎನ್ನಬಹುದು, ಏಕೆಂದರೆ ಪುಸ್ತಕ ಇಲ್ಲಿ ಕರ್ಮ. ಕರ್ತೃವಾಗಿದ್ದರೆ ಈ ಸಲುಗೆ ಇಲ್ಲ. ‘ದ ಬಾಯ್ ಹೂ ಕೇಮ್’ನಿಂದ ‘ಹೂ’ ತೆಗೆದರೆ ‘ಹುಡುಗ ಬಂದ’ ಎಂಬ ಬೇರೆಯೇ ವಾಕ್ಯವಾಗುತ್ತದೆ.

ಈ ನಿಯಮಗಳು ಶಿಲಾಶಾಸನಗಳೇನಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ದೇವರಿಗೂ ‘ವಿಚ್’ ಬಳಕೆಯಾಗಿದೆ. 1711ರಲ್ಲಿ ರಿಚರ್ಡ್ ಸ್ಟೀಲ್ ‘ದ ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಒಂದು ತಮಾಷೆಯ ಅರ್ಜಿ ಅಚ್ಚು ಹಾಕಿದ: ‘ದಟ್’ ಎಂಬವನು ಬಂದು ತಮ್ಮ ಜಾಗ ಕಸಿದನೆಂದು ‘ಹೂ’ ಮತ್ತು ‘ವಿಚ್’ಗಳ ದೂರು. ಇತಿಹಾಸ ನೋಡಿದರೆ ದೂರು ತಲೆಕೆಳಗು. ಈ ಕೆಲಸದಲ್ಲಿ ‘ದಟ್’ ಹಳೆಯದು. ಮುಖ್ಯವಾಗಿ ಪ್ರಶ್ನೆ ಕೇಳಲು ಬಳಕೆಯಲ್ಲಿದ್ದ ಉಳಿದೆರಡು ಆಮೇಲೆ ಬಂದು ಸೇರಿಕೊಂಡವು.

ಕೊನೆಗೆ ಕಾಮಾ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಹುಬ್ಬಳ್ಳಿ’ ಎಂದು ಕಾಮಾ ಇಲ್ಲದೆ ಬರೆದರೆ, ಹಲವು ಅಣ್ಣಂದಿರಲ್ಲಿ ಹುಬ್ಬಳ್ಳಿಯವನು ಎಂದರ್ಥ. ‘ಬ್ರದರ್’ ಆದಮೇಲೆ ಕಾಮಾ ಹಾಕಿದರೆ ಅಣ್ಣ ಒಬ್ಬನೇ. ಹುಬ್ಬಳ್ಳಿ ಎಂಬುದು ಮಾತಿಗೆ ಬಂದ ಹೆಚ್ಚುವರಿ ಸಂಗತಿ. ಈ ಎರಡನೆಯ ಬಗೆಯಲ್ಲಿ ‘ದಟ್’ ಸಲ್ಲದು. ಮೊದಲನೆಯ ಬಗೆಗೆ ‘ದಟ್’, ಎರಡನೆಯದಕ್ಕೆ ‘ವಿಚ್’ ಎಂದು ಹಂಚಿಬಿಡೋಣವೆಂದು ಇಂಗ್ಲಿಷ್ ಬಳಕೆಯ ಕೈಪಿಡಿ ಬರೆದ ಫೌಲರ್ 1926ರಲ್ಲಿ ಸೂಚಿಸಿದ. ಅಮೆರಿಕದ ಸಂಪಾದಕರು ಇದನ್ನು ಬಿಗಿಯಾಗಿ ಪಾಲಿಸುತ್ತಾರೆ, ಬ್ರಿಟನ್ನಿನಲ್ಲಿ ಅಷ್ಟು ಹಟವಿಲ್ಲ.

ಬರೆಯುವಾಗ ಅನುಮಾನ ಬಂದರೆ ಉಪವಾಕ್ಯವನ್ನು ಬಿಟ್ಟು ಓದಿನೋಡಿ. ಯಾರ, ಯಾವುದರ ಮಾತೆಂದು ಆಗಲೂ ತಿಳಿಯುವಂತಿದ್ದರೆ ಕಾಮಾ ಹಾಕಿ, ಇಲ್ಲವಾದರೆ ಬೇಡ.